ಹಲವು ಸರ್ವರ್‌ಗಳಲ್ಲಿ ಹಂಚಿಹೋದ ಒಂದೇ ಅಂಗಡಿ

ಆನ್‌ಲೈನ್ ಖರೀದಿ ತಾಣವೊಂದು ಗ್ರಾಹಕರ ಕಣ್ಣಿಗೆ ಒಂದೇ ಅಂಗಡಿಯಾಗಿ ಕಂಡರೂ, ಅದರ ಹಿಂದೆ ದುಡಿಯುವುದು ಬೇರೆ ಬೇರೆ ಕಟ್ಟಡಗಳಲ್ಲಿ, ಎಷ್ಟೋ ಬಾರಿ ಬೇರೆ ಬೇರೆ ನಗರಗಳಲ್ಲಿ ನೆಲೆಗೊಂಡ ಸಾವಿರಾರು ಸರ್ವರ್‌ಗಳು. ಜಾಲದ ಮೂಲಕ ಬರುವ ಕೋರಿಕೆಗಳಿಗೆ ಉತ್ತರಿಸಲೆಂದೇ ಹಗಲಿರುಳು ಚಾಲನೆಯಲ್ಲಿಟ್ಟ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು. ಸರಕಿನ ಚಿತ್ರವನ್ನು ಒಂದು ಸರ್ವರ್ ಒದಗಿಸಿದರೆ ಬೆಲೆಯನ್ನು ಇನ್ನೊಂದು ತಿಳಿಸುತ್ತದೆ, ದಾಸ್ತಾನಿನ ಲೆಕ್ಕ ಮತ್ತೆಲ್ಲೋ ಇರುತ್ತದೆ, ಹಣ ಪಾವತಿಯ ವ್ಯವಹಾರವಂತೂ ಕಂಪನಿಯ ಎಲ್ಲೆಯನ್ನೇ ದಾಟಿ ಬ್ಯಾಂಕುಗಳ ಸರ್ವರ್‌ವರೆಗೆ ಹೋಗಿಬರುತ್ತದೆ. ಕೊಳ್ಳುವವರು ಹೆಚ್ಚಿದಾಗ ಯಂತ್ರಗಳನ್ನು ಹೆಚ್ಚಿಸಿದರಾಯಿತು ಎಂಬ ತಿಳಿವಳಿಕೆ ವ್ಯಾಪಕವಾಗಿದೆಯಾದರೂ ಅದು ಅರ್ಧ ಸತ್ಯ ಮಾತ್ರ. ಒಂದೇ ಲೆಕ್ಕ ಹಲವು ಕಡೆ ಇದ್ದಾಗ ಆ ಪ್ರತಿಗಳ ನಡುವೆ ವ್ಯತ್ಯಾಸ ಹುಟ್ಟಿಯೇ ತೀರುತ್ತದೆ. ಆ ವ್ಯತ್ಯಾಸವನ್ನು ಎಲ್ಲಿ, ಎಷ್ಟರಮಟ್ಟಿಗೆ ಸಹಿಸಬಹುದು, ಅದರ ನಷ್ಟವನ್ನು ಯಾರು ಹೊರಬೇಕು ಎಂದು ತೀರ್ಮಾನಿಸುವುದೇ ಈ ವಿದ್ಯೆಯ ಕಠಿಣ ಭಾಗ.

ಒಂದೇ ಮಳಿಗೆಯಲ್ಲಿ ಕುಳಿತು ಒಂದೇ ಖಾತೆ ಪುಸ್ತಕ ಬರೆಯುವ ವರ್ತಕನಿಗೆ ಈ ಪ್ರಶ್ನೆ ಏಳುವುದಿಲ್ಲ. ಅದೇ ವರ್ತಕ ಹತ್ತು ಊರುಗಳಲ್ಲಿ ಮಳಿಗೆ ತೆರೆದು, ಎಲ್ಲ ಕಡೆಯೂ ಒಂದೇ ಗೋದಾಮಿನ ಸರಕನ್ನು ಮಾರತೊಡಗಿ, ಪ್ರತಿ ಮಳಿಗೆಯಲ್ಲೂ ಅದೇ ಪುಸ್ತಕದ ಒಂದೊಂದು ಪ್ರತಿಯನ್ನಿಟ್ಟ ದಿನದಿಂದ, ಒಂದು ಊರಿನಲ್ಲಿ ಬರೆದ ಸಾಲು ಉಳಿದ ಒಂಬತ್ತು ಪುಸ್ತಕಗಳಿಗೆ ಏರುವ ತನಕ ಯಾವ ಪುಸ್ತಕವನ್ನು ನಂಬಬೇಕೆಂಬ ಸಂದೇಹ ಅವನ ಬೆನ್ನು ಬಿಡುವುದಿಲ್ಲ. ಸರ್ವರ್‌ಗಳ ನಡುವೆ ಆ ಅವಧಿ ಒಂದು ಸೆಕೆಂಡಿನ ಕೆಲವೇ ಸಾವಿರಾಂಶಗಳಷ್ಟಿರಬಹುದು, ಆದರೆ ಭಾರೀ ರಿಯಾಯಿತಿಯ ದಿನ ಅಷ್ಟರಲ್ಲೇ ನೂರಾರು ಮಂದಿ ಅದೇ ಸರಕಿನ ಮೇಲೆ ಬೆರಳೊತ್ತಿರುತ್ತಾರೆ.

ಈ ವಿಷಯದಲ್ಲಿ ಅತ್ಯಂತ ವಿವರವಾಗಿ ದಾಖಲಾಗಿರುವ ಉದಾಹರಣೆ ಅಮೆರಿಕದ ಅಮೆಜಾನ್ ಕಂಪನಿಯದು. 2004ರ ವರ್ಷಾಂತ್ಯದ ಹಬ್ಬದ ವ್ಯಾಪಾರ ಉತ್ತುಂಗದಲ್ಲಿದ್ದಾಗಲೇ ಅದರ ತಾಣ ಕೆಲವು ಬಾರಿ ಸ್ಥಗಿತಗೊಂಡಿತು. ಕಾರಣ ಹುಡುಕುತ್ತ ಹೋದಾಗ, ಹೊರಗಿನಿಂದ ಕೊಂಡು ತಂದ ವಾಣಿಜ್ಯ ಡೇಟಾಬೇಸ್‌ಗಳನ್ನು ಅವುಗಳ ಶಕ್ತಿ ಮೀರಿ ದುಡಿಸಲಾಗುತ್ತಿದೆ ಎಂಬುದು ತಿಳಿದುಬಂತು. ಡೇಟಾಬೇಸ್ ಎಂದರೆ ಮಾಹಿತಿಯನ್ನು ಕ್ರಮವಾಗಿ ಇಟ್ಟುಕೊಂಡು, ಕೇಳಿದಾಗ ಹುಡುಕಿ ಕೊಡುವ, ತಿದ್ದುಪಡಿಗಳನ್ನು ಒಂದಾದ ಮೇಲೊಂದರಂತೆ ಸರಿಯಾಗಿ ದಾಖಲಿಸುವ ತಂತ್ರಾಂಶ. ತನ್ನ ಡೇಟಾಬೇಸ್‌ಗಳಿಗೆ ಬರುವ ಕೋರಿಕೆಗಳನ್ನು ಕಂಪನಿ ವಿಂಗಡಿಸಿ ನೋಡಿದಾಗ, ಸುಮಾರು 70 ಪ್ರತಿಶತ ಕೋರಿಕೆಗಳು ಒಂದು ಗುರುತಿನ ಸಂಖ್ಯೆ ಕೊಟ್ಟು ಒಂದೇ ಒಂದು ದಾಖಲೆಯನ್ನು ಕೇಳುವಷ್ಟು ಸರಳವಾಗಿದ್ದವು. ಇಷ್ಟು ಸರಳ ಕೆಲಸಕ್ಕೆ ಅಷ್ಟು ಭಾರದ ತಂತ್ರಾಂಶ ಏಕೆ ಎಂಬ ಪ್ರಶ್ನೆಯಿಂದ ಡೈನಮೊ ಎಂಬ ಹೊಸ ವ್ಯವಸ್ಥೆ ಹುಟ್ಟಿತು. ಗಿಸೆಪ್ಪೆ ಡಿಕ್ಯಾಂಡಿಯಾ, ಅವಿನಾಶ್ ಲಕ್ಷ್ಮಣ್, ಸ್ವಾಮಿನಾಥನ್ ಶಿವಸುಬ್ರಮಣಿಯನ್, ವರ್ನರ್ ವೋಗಲ್ಸ್ ಸೇರಿದಂತೆ ಒಂಬತ್ತು ಮಂದಿ ಅದರ ಬಗ್ಗೆ 2007ರಲ್ಲಿ ಪ್ರಕಟಿಸಿದ ಪ್ರಬಂಧ, ಮುಂದಿನ ದಶಕದ ಹಲವು ಡೇಟಾಬೇಸ್‌ಗಳಿಗೆ ದಾರಿ ತೋರಿತು. ಲಕ್ಷ್ಮಣ್ ಅವರೇ ಮುಂದೆ ಫೇಸ್‌ಬುಕ್ ಕಂಪನಿಯಲ್ಲಿ ಪ್ರಶಾಂತ್ ಮಲಿಕ್ ಅವರೊಡನೆ ಕಸಾಂಡ್ರ ಎಂಬ ಡೇಟಾಬೇಸ್ ಕಟ್ಟಿದರು. 2008ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದ ಅದು ಇಂದಿಗೂ ಬಳಕೆಯಲ್ಲಿದೆ.

ಆ ಪ್ರಬಂಧ ತಿಳಿಸುವಂತೆ, ಅಮೆಜಾನಿನ ಒಂದು ಪುಟವನ್ನು ಸಿದ್ಧಪಡಿಸಲು 150ಕ್ಕೂ ಹೆಚ್ಚು ಸೇವೆಗಳಿಗೆ ಕೋರಿಕೆ ಹೋಗುತ್ತಿತ್ತು. ಸೇವೆ ಎಂದರೆ ಇಲ್ಲಿ ಒಂದು ನಿರ್ದಿಷ್ಟ ಕೆಲಸವನ್ನಷ್ಟೇ ಮಾಡುವ, ತನ್ನದೇ ಸರ್ವರ್‌ಗಳ ಗುಂಪನ್ನುಳ್ಳ, ಇತರ ಭಾಗಗಳೊಡನೆ ಜಾಲದ ಮೂಲಕವೇ ಮಾತಾಡುವ ತಂತ್ರಾಂಶದ ತುಂಡು. ಇಂಥ ವಿಭಜನೆಯಿಂದ ಬೆಲೆ ನೋಡಿಕೊಳ್ಳುವ ತಂಡ ವಿಮರ್ಶೆ ನೋಡಿಕೊಳ್ಳುವ ತಂಡವನ್ನು ಕಾಯದೆ ತನ್ನ ಕೆಲಸ ಮುಂದುವರಿಸಬಹುದು, ಒಂದು ಭಾಗಕ್ಕೆ ಹೊರೆ ಹೆಚ್ಚಿದರೆ ಅದಕ್ಕಷ್ಟೇ ಯಂತ್ರಗಳನ್ನು ಸೇರಿಸಬಹುದು. ಆದರೆ ಇದಕ್ಕೆ ತೆರಬೇಕಾದ ಬೆಲೆಯನ್ನು ಸಣ್ಣ ಲೆಕ್ಕವೊಂದು ತೋರಿಸಿಕೊಡುತ್ತದೆ. ಪ್ರತಿ ಸೇವೆಯೂ ನೂರರಲ್ಲಿ ಒಂದು ಬಾರಿ ಮಾತ್ರ ತಡಮಾಡುತ್ತದೆ ಎಂದಿಟ್ಟುಕೊಂಡರೆ, 150 ಸೇವೆಗಳಲ್ಲಿ ಒಂದಾದರೂ ತಡಮಾಡುವ ಸಂಭವ 78 ಪ್ರತಿಶತದಷ್ಟಾಗುತ್ತದೆ. ಸಾವಿರದಲ್ಲಿ ಒಂದು ಬಾರಿ ಎಂದುಕೊಂಡರೂ ಅದು 14 ಪ್ರತಿಶತದ ಆಸುಪಾಸಿನಲ್ಲಿ ನಿಲ್ಲುತ್ತದೆ. ಆದ್ದರಿಂದಲೇ ಅಮೆಜಾನಿನ ಎಂಜಿನಿಯರುಗಳು ಸರಾಸರಿ ವೇಗದ ಮಾತನ್ನು ಬದಿಗಿಟ್ಟು, ಸಾವಿರದಲ್ಲಿ 999 ಕೋರಿಕೆಗಳಿಗೆ 300 ಮಿಲಿಸೆಕೆಂಡಿನೊಳಗೆ ಉತ್ತರ ಸಿಗಬೇಕು ಎಂಬ ಬಗೆಯ ಕಟ್ಟುನಿಟ್ಟಿನ ಒಪ್ಪಂದಗಳನ್ನು ಸೇವೆಗಳ ನಡುವೆ ಮಾಡಿಕೊಂಡರು. ಸರಾಸರಿಯನ್ನು ನಂಬದಿರಲು ಇನ್ನೊಂದು ಕಾರಣವೂ ಇತ್ತು: ಹೆಚ್ಚು ಖರೀದಿಸುವ ಹಳೆಯ ಗ್ರಾಹಕರ ಮಾಹಿತಿಯೇ ದೊಡ್ಡದಿದ್ದು, ಅವರ ಪುಟಗಳೇ ತಡವಾಗುವ ಸಾಧ್ಯತೆ ಹೆಚ್ಚಿತ್ತು, ಸರಾಸರಿಯಲ್ಲಿ ಅವರ ತೊಂದರೆ ಕಾಣದೆ ಹೋಗುತ್ತಿತ್ತು.

ಕೋಟ್ಯಂತರ ಗ್ರಾಹಕರ ದಾಖಲೆಗಳನ್ನು ಹಲವು ಸರ್ವರ್‌ಗಳಿಗೆ ಹಂಚುವಾಗ, ಯಾವ ದಾಖಲೆ ಯಾವ ಸರ್ವರ್‌ನಲ್ಲಿದೆ ಎಂಬುದು ಹುಡುಕಾಟವಿಲ್ಲದೆ ತಿಳಿಯಬೇಕು. ಗ್ರಾಹಕರ ಗುರುತನ್ನು ನಿಶ್ಚಿತ ಗಣಿತ ಕ್ರಮವೊಂದರಿಂದ ದೊಡ್ಡ ಸಂಖ್ಯೆಯಾಗಿ ಮಾರ್ಪಡಿಸಿ (ಇದಕ್ಕೆ ಹ್ಯಾಶ್ ಎನ್ನುತ್ತಾರೆ), ಅದನ್ನು ಸರ್ವರ್‌ಗಳ ಸಂಖ್ಯೆಯಿಂದ ಭಾಗಿಸಿ, ಉಳಿದ ಶೇಷವನ್ನೇ ಸರ್ವರ್‌ನ ಕ್ರಮಸಂಖ್ಯೆಯೆಂದು ಹಿಡಿಯುವುದು ಅತ್ಯಂತ ಸುಲಭದ ಉಪಾಯ. ಹತ್ತು ಸರ್ವರ್‌ಗಳಿದ್ದಲ್ಲಿಗೆ ಹನ್ನೊಂದನೆಯದನ್ನು ಸೇರಿಸಿದ ಗಳಿಗೆಯಲ್ಲಿ ಈ ಉಪಾಯ ಕುಸಿಯುತ್ತದೆ, ಏಕೆಂದರೆ ಭಾಜಕ ಬದಲಾದೊಡನೆ ಹನ್ನೊಂದರಲ್ಲಿ ಹತ್ತು ಪಾಲು ದಾಖಲೆಗಳು ಬೇರೆ ಸರ್ವರ್‌ಗೆ ಸ್ಥಳಾಂತರಗೊಳ್ಳಬೇಕಾಗುತ್ತದೆ. ಎಂಐಟಿಯ ಸಂಶೋಧಕರು 1997ರಲ್ಲಿ ಇದಕ್ಕೊಂದು ಸೊಗಸಾದ ಪರಿಹಾರ ಕೊಟ್ಟರು: ಹ್ಯಾಶ್ ಸಂಖ್ಯೆಗಳೆಲ್ಲವನ್ನೂ ಒಂದು ವೃತ್ತದ ಮೇಲಿನ ಬಿಂದುಗಳೆಂದು ಭಾವಿಸಿ, ಸರ್ವರ್‌ಗಳನ್ನೂ ಅದೇ ವೃತ್ತದ ಮೇಲೆ ಗುರುತಿಸಿ, ಪ್ರತಿ ದಾಖಲೆಯನ್ನೂ ವೃತ್ತದಲ್ಲಿ ಅದರ ಮುಂದೆ ಮೊದಲು ಸಿಗುವ ಸರ್ವರ್‌ಗೆ ಒಪ್ಪಿಸುವುದು. ಆಗ ಹೊಸ ಸರ್ವರ್ ಬಂದರೆ ಅದರ ಪಾಲಿಗೆ ಬರುವ ಹನ್ನೊಂದರಲ್ಲಿ ಒಂದು ಭಾಗದಷ್ಟು ದಾಖಲೆಗಳು ಮಾತ್ರ ಜಾಗ ಬದಲಿಸುತ್ತವೆ. ಜಾಲದಲ್ಲಿ ಜನಪ್ರಿಯ ಪುಟಗಳ ಮೇಲೆ ಬೀಳುವ ಒತ್ತಡವನ್ನು ಇಳಿಸಲೆಂದು ರೂಪಿಸಿದ ಈ ಕ್ರಮವನ್ನು ಡೈನಮೊ ಅಂಗಡಿಯ ದಾಖಲೆಗಳಿಗೆ ಒಗ್ಗಿಸಿಕೊಂಡಿತು.

ಹಂಚಿದರಷ್ಟೇ ಸಾಲದು, ಪ್ರತಿಗಳೂ ಬೇಕು. ಸಾವಿರಾರು ಯಂತ್ರಗಳಿರುವಲ್ಲಿ ಯಾವುದಾದರೊಂದು ಕೆಟ್ಟಿರುವುದು ಅಪವಾದವಾಗಿರದೆ ನಿತ್ಯದ ಸ್ಥಿತಿಯಾಗಿರುತ್ತದೆ. ಡೈನಮೊದಲ್ಲಿ ಸಾಮಾನ್ಯವಾಗಿ ಪ್ರತಿ ದಾಖಲೆಗೆ ಮೂರು ಪ್ರತಿಗಳಿದ್ದು, ಎರಡು ಸರ್ವರ್‌ಗಳು ಬರೆದುಕೊಂಡೆವೆಂದು ಹೇಳಿದರೆ ಬರವಣಿಗೆ ಮುಗಿಯಿತೆಂದೂ, ಎರಡು ಸರ್ವರ್‌ಗಳು ಉತ್ತರಿಸಿದರೆ ಓದು ಮುಗಿಯಿತೆಂದೂ ಲೆಕ್ಕ. ಮೂರರಲ್ಲಿ ಬರೆದ ಎರಡಕ್ಕೂ ಓದಿದ ಎರಡಕ್ಕೂ ಕನಿಷ್ಠ ಒಂದು ಸರ್ವರ್ ಸಮಾನವಾಗಿರಲೇಬೇಕಾದ್ದರಿಂದ, ಎಲ್ಲವೂ ಸುಗಮವಾಗಿದ್ದಾಗ ಇತ್ತೀಚಿನ ಮಾಹಿತಿ ಕೈತಪ್ಪುವುದಿಲ್ಲ. ನಿಗದಿತ ಸರ್ವರ್ ಸಂಪರ್ಕಕ್ಕೆ ಸಿಗದಿದ್ದರೆ ಮುಂದಿನ ಬೇರೊಂದು ಸರ್ವರ್ ಆ ದಾಖಲೆಯನ್ನು, ಇದು ಇಂಥವರಿಗೆ ಸೇರಬೇಕಾದದ್ದು ಎಂಬ ಟಿಪ್ಪಣಿಯೊಡನೆ ತಾತ್ಕಾಲಿಕವಾಗಿ ಇಟ್ಟುಕೊಂಡು, ಅದು ಮರಳಿ ಬಂದಾಗ ಒಪ್ಪಿಸುತ್ತದೆ. ಈ ಉದಾರತೆಯಿಂದ ಬರವಣಿಗೆ ಎಂದೂ ನಿಲ್ಲುವುದಿಲ್ಲವಾದರೂ, ಮೇಲಿನ ಎರಡು-ಎರಡರ ಭರವಸೆ ಅಂಥ ಹೊತ್ತಿನಲ್ಲಿ ಸಡಿಲಗೊಳ್ಳುತ್ತದೆ.

ಈ ಸಡಿಲಿಕೆಗೆ ಎಂಜಿನಿಯರುಗಳ ಅಜಾಗರೂಕತೆ ಕಾರಣವೆಂದು ಭಾವಿಸಬಾರದು, ಅದರ ಹಿಂದೆ ಗಣಿತದ ನಿರ್ಬಂಧವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎರಿಕ್ ಬ್ರೂಅರ್ 2000ನೇ ಇಸವಿಯ ಉಪನ್ಯಾಸವೊಂದರಲ್ಲಿ ಊಹೆಯಾಗಿ ಮಂಡಿಸಿದ, ಸೇಥ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ 2002ರಲ್ಲಿ ಸಾಧಿಸಿ ತೋರಿಸಿದ ಪ್ರಮೇಯದ ಸಾರ ಹೀಗಿದೆ: ಸರ್ವರ್‌ಗಳ ನಡುವಿನ ಜಾಲವೇ ತುಂಡಾಗಿ ಒಂದು ಗುಂಪಿನ ಮಾತು ಇನ್ನೊಂದು ಗುಂಪಿಗೆ ತಲುಪದಿರುವಾಗ, ಎಲ್ಲ ಪ್ರತಿಗಳೂ ಒಂದೇ ಲೆಕ್ಕ ತೋರಿಸಬೇಕೆಂದರೆ ಕೆಲವರಿಗೆ ಉತ್ತರ ನಿರಾಕರಿಸಬೇಕಾಗುತ್ತದೆ, ಎಲ್ಲರಿಗೂ ಉತ್ತರ ಸಿಗಬೇಕೆಂದರೆ ಕೆಲವರಿಗೆ ಹಳೆಯ ಲೆಕ್ಕ ಸಿಗುವುದನ್ನು ಒಪ್ಪಬೇಕಾಗುತ್ತದೆ. ಎರಡನ್ನೂ ಏಕಕಾಲಕ್ಕೆ ಪಡೆಯುವ ತಂತ್ರ ಇರಲಾರದು. ಹಾಗಾಗಿ ಹಂಚಿದ ಅಂಗಡಿಯೊಂದನ್ನು ಕಟ್ಟುವವರು ಪ್ರತಿ ಭಾಗಕ್ಕೂ ಬೇರೆ ಬೇರೆಯಾಗಿ ಆಯ್ಕೆ ಮಾಡಬೇಕು, ಮತ್ತು ಆ ಆಯ್ಕೆ ವ್ಯಾಪಾರದ ನೀತಿಯನ್ನೂ ಒಳಗೊಂಡಿರುತ್ತದೆ.

ಕಾರ್ಟ್, ಅಂದರೆ ಕೊಳ್ಳಬೇಕೆಂದು ಆರಿಸಿದ ಸರಕುಗಳನ್ನು ಹಣ ಕೊಡುವ ತನಕ ಕೂಡಿಡುವ ಪಟ್ಟಿ, ಇಂಥ ಆಯ್ಕೆಗೆ ಅತ್ಯುತ್ತಮ ನಿದರ್ಶನ. ಗ್ರಾಹಕರು ಕಾರ್ಟಿಗೆ ಏನನ್ನಾದರೂ ಸೇರಿಸಿದಾಗ ಅದನ್ನು ಮರೆಯುವುದಾಗಲಿ ನಿರಾಕರಿಸುವುದಾಗಲಿ ಎಂದಿಗೂ ಕೂಡದು ಎಂಬುದು ಅಮೆಜಾನಿನ ತೀರ್ಮಾನವಾಗಿತ್ತು. ಒಂದೇ ಕಾರ್ಟಿನ ಎರಡು ಪ್ರತಿಗಳು ಬೇರೆ ಬೇರೆಯಾಗಿ ಬೆಳೆದಿದ್ದರೆ, ಅವುಗಳಲ್ಲಿ ಒಂದನ್ನು ಎಸೆಯುವ ಬದಲು ಎರಡರಲ್ಲಿರುವ ಸರಕುಗಳನ್ನೂ ಕೂಡಿಸಿ ಒಂದೇ ಪಟ್ಟಿ ಮಾಡಲಾಗುತ್ತಿತ್ತು. ಇದರಿಂದ ಸೇರಿಸಿದ ಸರಕು ಕಳೆದುಹೋಗುತ್ತಿರಲಿಲ್ಲ, ಆದರೆ ಗ್ರಾಹಕರು ತೆಗೆದುಹಾಕಿದ್ದ ಸರಕು ಒಮ್ಮೊಮ್ಮೆ ಮತ್ತೆ ಪಟ್ಟಿಯಲ್ಲಿ ಕಾಣಿಸಿಕೊಳ್ಳಬಹುದಿತ್ತು, ಮತ್ತು ಪ್ರಬಂಧದಲ್ಲಿ ಲೇಖಕರೇ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ತೆಗೆದ ವಸ್ತು ಮರಳಿ ಕಂಡರೆ ಗ್ರಾಹಕರು ಇನ್ನೊಮ್ಮೆ ತೆಗೆಯುವ ತೊಂದರೆಯಷ್ಟೇ. ಸೇರಿಸಿದ ವಸ್ತು ಮಾಯವಾದರೆ ಖರೀದಿಯೇ ತಪ್ಪುತ್ತದೆ. ಯಾವ ತಪ್ಪು ಹಗುರ ಎಂದು ತೂಗಿ ನೋಡಿ, ವ್ಯವಸ್ಥೆ ಆ ಕಡೆಗೇ ತಪ್ಪುವಂತೆ ಅದನ್ನು ಕಟ್ಟಿದ ಈ ಪ್ರಾಮಾಣಿಕತೆಯೇ ಆ ಪ್ರಬಂಧವನ್ನು ಇಂದಿಗೂ ಓದುವಂತೆ ಮಾಡಿದೆ.

ಎರಡು ಪ್ರತಿಗಳಲ್ಲಿ ಯಾವುದು ಹೊಸದು ಎಂದು ಗಡಿಯಾರ ನೋಡಿ ಹೇಳಬಾರದೇ ಎಂಬ ಪ್ರಶ್ನೆ ಸಹಜ. ಯಾವ ಎರಡು ಯಂತ್ರಗಳ ಗಡಿಯಾರಗಳೂ ಪೂರ್ತಿ ಹೊಂದುವುದಿಲ್ಲವಾದ್ದರಿಂದ, ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ ನಡೆದ ಎರಡು ಬರವಣಿಗೆಗಳ ಹಿಂದುಮುಂದನ್ನು ಅವುಗಳಿಂದ ನಂಬುವಂತೆ ತಿಳಿಯಲಾಗದು. ಲೆಸ್ಲಿ ಲ್ಯಾಂಪೋರ್ಟ್ 1978ರ ಪ್ರಬಂಧವೊಂದರಲ್ಲಿ ಗಡಿಯಾರದ ಸಮಯವನ್ನು ಬಿಟ್ಟು, ಯಾವ ಘಟನೆ ಯಾವುದಕ್ಕೆ ಕಾರಣವಾಗಿರಬಹುದು ಎಂಬ ಸಂಬಂಧದಿಂದಲೇ ಕ್ರಮವನ್ನು ನಿರ್ಣಯಿಸುವ ದಾರಿ ತೋರಿದ್ದರು. ಡೈನಮೊ ಅದೇ ಪರಂಪರೆಯ ಒಂದು ವಿಧಾನವನ್ನು ಬಳಸಿ, ಪ್ರತಿ ದಾಖಲೆಯ ಜತೆಗೆ ಯಾವ ಸರ್ವರ್ ಅದನ್ನು ಎಷ್ಟು ಬಾರಿ ತಿದ್ದಿದೆ ಎಂಬ ಎಣಿಕೆಯ ಪಟ್ಟಿಯನ್ನು ಇಡುತ್ತಿತ್ತು. ಒಂದು ಪಟ್ಟಿಯ ಎಣಿಕೆಗಳೆಲ್ಲ ಇನ್ನೊಂದರವಕ್ಕಿಂತ ಹೆಚ್ಚು ಅಥವಾ ಸಮ ಆಗಿದ್ದರೆ ಅದೇ ಹೊಸ ಆವೃತ್ತಿ, ಹಾಗಿಲ್ಲದಿದ್ದರೆ ಎರಡೂ ಸ್ವತಂತ್ರವಾಗಿ ಬೆಳೆದವು, ಕೂಡಿಸಬೇಕು. ಇಷ್ಟೆಲ್ಲ ಸಿದ್ಧತೆ ಎಷ್ಟು ಬಾರಿ ಬೇಕಾಯಿತು ಎಂಬುದನ್ನೂ ಡೈನಮೊ ಪ್ರಬಂಧದ ಲೇಖಕರು ಅಳೆದಿದ್ದಾರೆ. ಕಾರ್ಟ್ ಸೇವೆಯ 24 ಗಂಟೆಗಳ ಕೋರಿಕೆಗಳಲ್ಲಿ 99.94 ಪ್ರತಿಶತಕ್ಕೆ ಒಂದೇ ಆವೃತ್ತಿ ಕಂಡಿತ್ತು, ಎರಡು ಆವೃತ್ತಿ ಕಂಡವು 0.00057 ಪ್ರತಿಶತ ಮಾತ್ರ. ಹೀಗೆ ಕವಲೊಡೆದ ಆವೃತ್ತಿಗಳಿಗೂ ಯಂತ್ರಗಳ ವೈಫಲ್ಯಕ್ಕಿಂತ ಏಕಕಾಲಕ್ಕೆ ಬರೆಯುವವರ ಹೆಚ್ಚಳವೇ ಕಾರಣವಾಗಿತ್ತು, ಆ ಬರೆಯುವವರು ಬಹುಮಟ್ಟಿಗೆ ಸ್ವಯಂಚಾಲಿತ ತಂತ್ರಾಂಶಗಳಾಗಿದ್ದವು.

ದಾಸ್ತಾನಿನ ಲೆಕ್ಕಕ್ಕೆ ಬಂದರೆ ಪರಿಸ್ಥಿತಿ ತೀರ ಬೇರೆ, ಏಕೆಂದರೆ ಕಾರ್ಟ್ ಒಬ್ಬರದು, ದಾಸ್ತಾನು ಎಲ್ಲರದು. ಎರಡು ಕಾರ್ಟುಗಳನ್ನು ಕೂಡಿಸಬಹುದು, ಆದರೆ ಉಳಿದಿದ್ದ ಒಂದೇ ಫೋನನ್ನು ಎರಡು ಸರ್ವರ್‌ಗಳು ಇಬ್ಬರಿಗೆ ಮಾರಿದ್ದರೆ ಕೂಡಿಸುವುದರಿಂದ ಎರಡನೆಯ ಫೋನ್ ಹುಟ್ಟುವುದಿಲ್ಲ. ಇದನ್ನು ತಪ್ಪಿಸಲು ಆ ಎಣಿಕೆಯನ್ನು ಒಂದೇ ಕಡೆ ಇಟ್ಟು, ಒಬ್ಬೊಬ್ಬರಿಗೇ ಸರದಿಯಲ್ಲಿ ಇಳಿಸಲು ಬಿಟ್ಟರೆ ಲೆಕ್ಕ ಕರಾರುವಾಕ್ಕಾಗಿರುತ್ತದೆ, ಆದರೆ ರಿಯಾಯಿತಿ ತೆರೆದ ನಿಮಿಷದಲ್ಲಿ ಲಕ್ಷಾಂತರ ಕೋರಿಕೆಗಳು ಆ ಒಂದೇ ದಾಖಲೆಯ ಮುಂದೆ ಜಮಾಯಿಸಿ ಇಡೀ ಸೇವೆ ಕಟ್ಟಿಕೊಳ್ಳುತ್ತದೆ. ಆದಕಾರಣ ಹಲವು ಅಂಗಡಿಗಳು ಸಾವಿರ ಫೋನುಗಳ ಎಣಿಕೆಯನ್ನು ನೂರು ನೂರರಂತೆ ಹತ್ತು ದಾಖಲೆಗಳಾಗಿ ಒಡೆದು ಹತ್ತು ಸರ್ವರ್‌ಗಳಿಗೆ ಕೊಡುತ್ತವೆ. ಒತ್ತಡ ಹತ್ತು ಪಾಲಾಗುತ್ತದೆ, ಒಂದರ ಪಾಲು ಮುಗಿದಾಗ ಇನ್ನೊಂದರ ಪಾಲಿಗೆ ಕೈಚಾಚಬೇಕಾಗುತ್ತದೆ, ಕೊನೆಯ ಕೆಲವೇ ಫೋನುಗಳು ಉಳಿದಾಗ ಈ ಹುಡುಕಾಟವೇ ದುಬಾರಿಯಾಗುತ್ತದೆ. ಇನ್ನೊಂದು ರೂಢಿಯೆಂದರೆ, ಗ್ರಾಹಕರು ಪಾವತಿಯ ಪುಟಕ್ಕೆ ಹೋದಾಗ ಸರಕನ್ನು ಕೆಲವು ನಿಮಿಷ ಅವರ ಹೆಸರಿಗೆ ಕಾಯ್ದಿರಿಸಿ, ಅಷ್ಟರಲ್ಲಿ ಹಣ ಬರದಿದ್ದರೆ ಮತ್ತೆ ಮಾರಾಟಕ್ಕೆ ಬಿಡುವುದು.

ಭಾರತದಲ್ಲಿ ಈ ಕಷ್ಟವನ್ನು ಎಲ್ಲರೂ ನೋಡುವಂತೆ ಮಾಡಿದ ದಿನ 2014ರ ಅಕ್ಟೋಬರ್ 6. ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭಿಸಿದ ಫ್ಲಿಪ್‌ಕಾರ್ಟ್, ಅಂದು ಬಿಗ್ ಬಿಲಿಯನ್ ಡೇ ಹೆಸರಿನಲ್ಲಿ ಒಂದು ದಿನದ ರಿಯಾಯಿತಿ ಮಾರಾಟ ನಡೆಸಿತು. ಹತ್ತು ಗಂಟೆಗಳಲ್ಲಿ ಸುಮಾರು 600 ಕೋಟಿ ರೂಪಾಯಿಗಳ ಸರಕು ಮಾರಾಟವಾಯಿತೆಂದು ಕಂಪನಿ ಹೇಳಿದರೂ, ತಾಣ ಆಗಾಗ ಸ್ಥಗಿತಗೊಂಡಿತ್ತು, ಸರಕುಗಳು ತೆರೆದ ಕೆಲವೇ ಹೊತ್ತಿನಲ್ಲಿ ಮುಗಿದಿದ್ದವು, ಎಷ್ಟೋ ಆರ್ಡರುಗಳು ಆಮೇಲೆ ರದ್ದಾದವು. ಮರುದಿನ ಸಂಸ್ಥಾಪಕರಿಬ್ಬರೂ ಗ್ರಾಹಕರಿಗೆ ಬರೆದ ಕ್ಷಮಾಪಣೆಯ ಪತ್ರದಲ್ಲಿ, ಸುಮಾರು 5000 ಸರ್ವರ್‌ಗಳನ್ನು ನಿಯೋಜಿಸಿ 20 ಪಟ್ಟು ದಟ್ಟಣೆಗೆ ಸಿದ್ಧರಾಗಿದ್ದರೂ ಬಂದ ದಟ್ಟಣೆ ಅದನ್ನೂ ಮೀರಿತ್ತೆಂದು ತಿಳಿಸಿದರು. ಪತ್ರದ ಈ ಅಂಕಿಗಳು ಗಮನಾರ್ಹ, ಏಕೆಂದರೆ 5000 ಸರ್ವರ್‌ಗಳಿದ್ದೂ ಆರ್ಡರುಗಳು ರದ್ದಾಗುತ್ತವೆ ಎಂದರೆ ತೊಡಕು ಯಂತ್ರಗಳ ಸಂಖ್ಯೆಯೊಂದಕ್ಕೇ ಸೀಮಿತವಲ್ಲವೆಂದೇ ಅರ್ಥ. ಮರುವರ್ಷ ಅದೇ ಮಾರಾಟವನ್ನು ಅಕ್ಟೋಬರ್ 13ರಿಂದ 17ರವರೆಗೆ ಐದು ದಿನಗಳಿಗೆ ವಿಸ್ತರಿಸಲಾಯಿತು. ದಟ್ಟಣೆಯನ್ನು ಕಾಲದ ಮೇಲೆ ಹರಡುವುದು ಸರ್ವರ್‌ಗಳ ಮೇಲೆ ಹರಡುವಷ್ಟೇ ಪರಿಣಾಮಕಾರಿಯಾದ, ಆದರೆ ಎಂಜಿನಿಯರುಗಳಿಗಿಂತ ವ್ಯಾಪಾರ ವಿಭಾಗದವರು ಒಪ್ಪಬೇಕಾದ ಪರಿಹಾರ.

ದಟ್ಟಣೆ ಮಿತಿ ಮೀರಿದಾಗ ಒಂದು ಭಾಗದ ನಿಧಾನ ಉಳಿದವನ್ನೂ ಎಳೆದು ಬೀಳಿಸುವ ಬಗೆ ಬೇರೆಯೇ ಇದೆ. ಉತ್ತರ ಬಾರದ ಕೋರಿಕೆಯನ್ನು ಮತ್ತೆ ಕಳುಹಿಸುವುದು ಪ್ರತಿ ತಂತ್ರಾಂಶದ ಸಹಜ ಅಭ್ಯಾಸ. ಒಂದರ ಹಿಂದೆ ಒಂದರಂತೆ ಮೂರು ಹಂತಗಳ ಸೇವೆಗಳಿದ್ದು, ಪ್ರತಿ ಹಂತವೂ ಮೂರು ಬಾರಿ ಪ್ರಯತ್ನಿಸಿದರೆ, ಗ್ರಾಹಕರ ಒಂದೇ ಕೋರಿಕೆ ಕೊನೆಯ ಡೇಟಾಬೇಸನ್ನು ತಲುಪುವಾಗ 27 ಆಗಿರುತ್ತದೆ, ಅದೂ ಆ ಡೇಟಾಬೇಸ್ ಈಗಾಗಲೇ ಬಸವಳಿದಿರುವ ಹೊತ್ತಿನಲ್ಲಿ. ಇದಕ್ಕಾಗಿ ಮರುಪ್ರಯತ್ನಗಳ ನಡುವಿನ ಅಂತರವನ್ನು ಹೆಚ್ಚಿಸುತ್ತ ಹೋಗುವುದು, ಎಲ್ಲರೂ ಒಂದೇ ಕ್ಷಣಕ್ಕೆ ಮರಳದಂತೆ ಆ ಅಂತರವನ್ನು ಯಾದೃಚ್ಛಿಕವಾಗಿ ಏರುಪೇರು ಮಾಡುವುದು, ಸತತವಾಗಿ ಸೋಲುತ್ತಿರುವ ಸೇವೆಗೆ ಸ್ವಲ್ಪ ಕಾಲ ಕೋರಿಕೆಯನ್ನೇ ಕಳುಹಿಸದಿರುವುದು ಮುಂತಾದ ಕ್ರಮಗಳು ಬಳಕೆಗೆ ಬಂದಿವೆ. ಜತೆಗೆ ಯಾವುದನ್ನು ಮೊದಲು ಕೈಬಿಡಬೇಕೆಂಬ ಪಟ್ಟಿ ಮುಂಚೆಯೇ ಸಿದ್ಧವಿರಬೇಕು: ಶಿಫಾರಸುಗಳು ಕಾಣದಿದ್ದರೆ, ವಿಮರ್ಶೆಗಳು ಹಳೆಯದಾಗಿದ್ದರೆ ವ್ಯಾಪಾರ ನಿಲ್ಲುವುದಿಲ್ಲ, ಪಾವತಿ ಮಾತ್ರ ಕೊನೆಯವರೆಗೂ ಉಳಿಯಬೇಕು.

ಪಾವತಿಯ ವಿಷಯದಲ್ಲಿ ವ್ಯತ್ಯಾಸಕ್ಕೆ ಆಸ್ಪದವೇ ಇರಬಾರದೆಂಬುದು ಎಲ್ಲರ ಅಪೇಕ್ಷೆ, ಆದರೆ ಅಲ್ಲಿಯೂ ಜಾಲದ ನಿಯಮ ಬದಲಾಗುವುದಿಲ್ಲ. ದಾಸ್ತಾನು, ಆರ್ಡರು, ಹಣ ಈ ಮೂರೂ ಬೇರೆ ಸರ್ವರ್‌ಗಳಲ್ಲಿರುವಾಗ ಮೂರರಲ್ಲೂ ಬದಲಾವಣೆ ಆಗಬೇಕು, ಇಲ್ಲವೇ ಒಂದರಲ್ಲೂ ಆಗಬಾರದು. ಇದಕ್ಕಿರುವ ಹಳೆಯ ವಿಧಾನದಲ್ಲಿ ಒಂದು ಸಂಯೋಜಕ ಸರ್ವರ್ ಮೊದಲು ಎಲ್ಲರನ್ನೂ ಸಿದ್ಧವೇ ಎಂದು ಕೇಳಿ, ಎಲ್ಲರೂ ಹೌದೆಂದ ಮೇಲೆ ಎರಡನೆಯ ಸುತ್ತಿನಲ್ಲಿ ಬರೆಯಿರಿ ಎಂದು ಅಪ್ಪಣೆ ಕೊಡುತ್ತದೆ. ಎರಡು ಸುತ್ತುಗಳ ನಡುವೆ ಸಂಯೋಜಕವೇ ಕೆಟ್ಟುನಿಂತರೆ ಉಳಿದವರು ದಾಖಲೆಗಳಿಗೆ ಬೀಗ ಹಾಕಿಕೊಂಡು ಕಾಯುತ್ತಲೇ ಇರಬೇಕಾಗುತ್ತದೆ, ಹೊರಗಿನ ಬ್ಯಾಂಕುಗಳಂತೂ ಅಂಗಡಿಯೊಂದಕ್ಕಾಗಿ ಹಾಗೆ ಕಾಯಲು ಒಪ್ಪುವುದಿಲ್ಲ. ಹೆಕ್ಟರ್ ಗಾರ್ಸಿಯಾ-ಮೊಲಿನಾ ಮತ್ತು ಕೆನೆತ್ ಸೇಲಂ 1987ರಲ್ಲಿ ಸೂಚಿಸಿದ ಸಾಗಾ ಎಂಬ ವಿಧಾನ ಇಲ್ಲಿ ನೆರವಿಗೆ ಬರುತ್ತದೆ. ದೊಡ್ಡ ವ್ಯವಹಾರವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಪ್ರತಿ ಹೆಜ್ಜೆಗೂ ಅದನ್ನು ಸರಿದೂಗಿಸುವ ಒಂದು ಪ್ರತಿಕ್ರಮವನ್ನು ಮೊದಲೇ ಗೊತ್ತುಮಾಡಿ, ಮಧ್ಯದಲ್ಲಿ ಎಲ್ಲಿ ಸೋತರೂ ಹಿಂದಿನ ಹೆಜ್ಜೆಗಳ ಪ್ರತಿಕ್ರಮಗಳನ್ನು ಹಿಮ್ಮುಖವಾಗಿ ನಡೆಸುವುದು ಅದರ ತಿರುಳು. ಹಣ ಕಡಿತವಾಗಿ ಆರ್ಡರು ಸೋತರೆ ಹಣ ಮರಳಿಸುವುದು ಅಂಥ ಒಂದು ಪ್ರತಿಕ್ರಮ. ಆದರೆ ಪಾವತಿಯ ಗುಂಡಿಯನ್ನು ಆತಂಕದಿಂದ ಎರಡು ಬಾರಿ ಒತ್ತಿದವರಿಂದ ಎರಡು ಬಾರಿ ಹಣ ಹೋಗಬಾರದು. ಅದಕ್ಕಾಗಿ ಪ್ರತಿ ಖರೀದಿಗೂ ಆರಂಭದಲ್ಲೇ ಒಂದು ವಿಶಿಷ್ಟ ಸಂಖ್ಯೆ ನೀಡಿ, ಅದೇ ಸಂಖ್ಯೆಯ ಕೋರಿಕೆ ಎಷ್ಟು ಸಲ ಬಂದರೂ ಮೊದಲ ಸಲದ ಫಲಿತಾಂಶವನ್ನೇ ತಿರುಗಿ ಕೊಡುವಂತೆ ಸರ್ವರ್‌ಗಳನ್ನು ರೂಪಿಸಲಾಗುತ್ತದೆ.

ಸರ್ವರ್‌ಗಳು ಯಾವ ಊರಿನಲ್ಲಿರಬೇಕೆಂಬುದನ್ನು ಬೆಳಕಿನ ವೇಗ, ಕಾನೂನು ಎರಡೂ ನಿರ್ಧರಿಸುತ್ತವೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ 1000 ಕಿಲೋಮೀಟರಿಗೆ 5 ಮಿಲಿಸೆಕೆಂಡು ಬೇಕು. ಕರ್ನಾಟಕದ ಗ್ರಾಹಕರಿಗೆ ಮುಂಬೈ ಅಥವಾ ಹೈದರಾಬಾದಿನ ಸರ್ವರ್ ಉತ್ತರಿಸುವುದಕ್ಕೂ ಅಮೆರಿಕದ್ದು ಉತ್ತರಿಸುವುದಕ್ಕೂ ಇರುವ ಅಂತರ ಇದರಿಂದಲೇ ಹುಟ್ಟುತ್ತದೆ. ಭಾರತೀಯರ ಪಾವತಿಯ ಮಾಹಿತಿ ಭಾರತದಲ್ಲೇ ಇರಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಆದೇಶಿಸಿದೆ. ಆದರೆ ಸರ್ವರ್‌ಗಳನ್ನು ಎಲ್ಲಿಟ್ಟರೂ, ಹಂಚಿಕೆ ಎಷ್ಟೇ ವಿಸ್ತಾರವಾಗಿದ್ದರೂ, ಗುಪ್ತವಾಗಿ ಉಳಿದ ಒಂದೇ ಒಂದು ಆಧಾರಬಿಂದು ಎಲ್ಲವನ್ನೂ ಕೆಡವಬಲ್ಲದು. 2025ರ ಅಕ್ಟೋಬರ್ 20ರಂದು ವರ್ಜೀನಿಯಾದಲ್ಲಿರುವ ಅಮೆಜಾನಿನ ಕೇಂದ್ರದಲ್ಲಿ, ಡೈನಮೊದ ಉತ್ತರಾಧಿಕಾರಿಯಾಗಿ 2012ರಲ್ಲಿ ಬಂದ ಡೈನಮೊಡಿಬಿ ಸೇವೆಯ ಜಾಲದ ವಿಳಾಸಗಳನ್ನು ನಿರ್ವಹಿಸುವ ಎರಡು ಸ್ವಯಂಚಾಲಿತ ಪ್ರಕ್ರಿಯೆಗಳು ಪರಸ್ಪರ ಅಡ್ಡಬಂದು, ಆ ವಿಳಾಸದ ದಾಖಲೆಯೇ ಖಾಲಿಯಾಯಿತು. ಸೇವೆಯ ವಿಳಾಸವೇ ಸಿಗದಂತಾಗಿ, ಜಗತ್ತಿನ ಅನೇಕ ತಾಣಗಳು ಗಂಟೆಗಟ್ಟಲೆ ತೊಂದರೆಗೊಳಗಾದವು. ಇದೇ ಡೈನಮೊಡಿಬಿಯ ದರಪಟ್ಟಿಯಲ್ಲಿ, ಕಟ್ಟಕಡೆಯ ಬರವಣಿಗೆಯನ್ನು ಖಚಿತವಾಗಿ ತೋರಿಸುವ ಓದಿಗೆ, ಸ್ವಲ್ಪ ಹಳೆಯದಾಗಿರಬಹುದಾದ ಓದಿನ ಎರಡರಷ್ಟು ಲೆಕ್ಕ ಹಿಡಿಯಲಾಗುತ್ತದೆ. ಖಚಿತತೆಗೆ ಇಷ್ಟು ಬೆಲೆಯೆಂದು ಕಾಸಿನಲ್ಲೇ ನಮೂದಿಸಿರುವ ಈ ಪಟ್ಟಿ, ಹಂಚಿದ ಅಂಗಡಿಗಳ ಒಳಗಿನ ಚೌಕಾಶಿಯನ್ನು ನೇರವಾಗಿ ಬಯಲಿಗಿಟ್ಟಿದೆ.

ಆ ಬೆಲೆಯನ್ನು ಉಳಿಸಿಕೊಂಡ ಕಂಪನಿಯ ಲಾಭಕ್ಕೆ ಗ್ರಾಹಕರು ತೆತ್ತುಕೊಳ್ಳಬೇಕೇ ಎಂಬ ಪ್ರಶ್ನೆಗೆ ಹಣದ ಮಟ್ಟಿಗೆ ಭಾರತದಲ್ಲಿ ಸ್ಪಷ್ಟ ಉತ್ತರವಿದೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ, ಯುಪಿಐ ಮೂಲಕ ವ್ಯಾಪಾರಿಗೆ ಕೊಟ್ಟ ಹಣ ಖಾತೆಯಿಂದ ಕಡಿತವಾಗಿ ವ್ಯಾಪಾರಿಗೆ ಅದರ ದೃಢೀಕರಣ ತಲುಪದಿದ್ದರೆ, ವ್ಯವಹಾರ ನಡೆದ ಐದು ದಿನಗಳೊಳಗೆ ಅದು ತಾನಾಗಿ ಮರಳಬೇಕು, ತಡವಾದ ಪ್ರತಿ ದಿನಕ್ಕೂ ಗ್ರಾಹಕರ ದೂರಿಗಾಗಿ ಕಾಯದೆ 100 ರೂಪಾಯಿ ಪರಿಹಾರ ಕೊಡಬೇಕು. ಸರ್ವರ್‌ಗಳ ನಡುವಿನ ವ್ಯತ್ಯಾಸ ಎಷ್ಟು ಕಾಲ ಇರಬಹುದು ಎಂಬುದಕ್ಕೆ ಗಡುವನ್ನೂ ದಂಡವನ್ನೂ ವಿಧಿಸಿದ ಉತ್ತಮ ನಿಯಮ ಇದು. ದಾಸ್ತಾನಿನ ವಿಷಯದಲ್ಲಿ ಇಂಥ ಸ್ಪಷ್ಟತೆ ಇಲ್ಲ. 2020ರ ಗ್ರಾಹಕ ರಕ್ಷಣೆಯ ಇ-ವಾಣಿಜ್ಯ ನಿಯಮಗಳು, ಕಂಪನಿ ತಾನಾಗಿ ಆರ್ಡರು ರದ್ದುಮಾಡಿದಾಗ ಅಷ್ಟೇ ಶುಲ್ಕವನ್ನು ತಾನೂ ತೆರದಿದ್ದಲ್ಲಿ, ಖರೀದಿ ಖಚಿತಪಡಿಸಿದ ಮೇಲೆ ರದ್ದುಮಾಡುವ ಗ್ರಾಹಕರಿಂದ ರದ್ದತಿ ಶುಲ್ಕ ಪಡೆಯುವಂತಿಲ್ಲ ಎನ್ನುತ್ತವೆ. ಗ್ರಾಹಕರಿಂದ ಶುಲ್ಕ ಪಡೆಯದ ಕಂಪನಿ, ಇಲ್ಲದ ಸರಕನ್ನು ಮಾರಿ ಮರುದಿನ ರದ್ದುಮಾಡಿದರೆ ಈ ನಿಯಮದಡಿ ಏನನ್ನೂ ಕೊಡಬೇಕಾಗಿಲ್ಲ. ಹಬ್ಬದ ಮುನ್ನ ಬೇರೆಡೆಯ ರಿಯಾಯಿತಿಯನ್ನು ಕೈಬಿಟ್ಟು ಈ ಆರ್ಡರನ್ನೇ ನಂಬಿದ ಕುಟುಂಬದ ನಷ್ಟ ಯಾವ ಲೆಕ್ಕದಲ್ಲೂ ಸೇರುವುದಿಲ್ಲ. ಸರಕು ಬೆರಳೆಣಿಕೆಯಷ್ಟು ಉಳಿದಾಗ ಎಲ್ಲ ಸರ್ವರ್‌ಗಳ ಎಣಿಕೆ ತಾಳೆಯಾಗುವ ತನಕ ಆರ್ಡರು ಖಚಿತ ಎಂದು ತೋರಿಸದೆ, ಪರಿಶೀಲನೆಯಲ್ಲಿದೆ ಎಂದು ತೋರಿಸಿ, ಅಲ್ಲಿಯವರೆಗೆ ಹಣ ಕಡಿತ ಮಾಡದಿರುವುದು ತಾಂತ್ರಿಕವಾಗಿ ಸಾಧ್ಯವಿರುವ, ಕೆಲವೇ ನಿಮಿಷಗಳ ವಿಳಂಬವನ್ನಷ್ಟೇ ಬೇಡುವ ಕ್ರಮವಾದ್ದರಿಂದ, ಮುಂದಿನ ನಿಯಮ ತಿದ್ದುಪಡಿಯಲ್ಲಿ ಅದನ್ನು ಕಡ್ಡಾಯಗೊಳಿಸಬೇಕು.